ಅಟ್ಟ ಹತ್ತದ ಉಡುಗೊರೆ

ಆರು ವರ್ಷ ಊರು ಸುತ್ತಿ ಮನೆಗೆ ವಾಪಸ್ಸು ಬಂದ ಗೋಡೆ ಗಡಿಯಾರ ಸರಿಯಾದ ಟೈಮನ್ನೇ ತೋರಿಸುತ್ತಿತ್ತು. ತಪ್ಪು ಗಡಿಯಾರದ್ದಲ್ಲ.

ಅದನ್ನು ತಂದವರು ಮನೆಯ ಸೊಸೆಗೆ ಗಂಡನ ಕಡೆಯಿಂದ ದೂರದ ಚಿಕ್ಕಮ್ಮ. ಸೊಸೆಯ ಮಗಳು, ಮಾತು ಜಾಸ್ತಿ ಅಂತ ಎಲ್ಲರೂ ಗಿಣಿ ಎಂದೇ ಕರೆಯುವವಳು, ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆದಿದ್ದಳು. ಚಿಕ್ಕಮ್ಮ ಬಣ್ಣದ ಕಾಗದ ಸುತ್ತಿದ ಪೊಟ್ಟಣವನ್ನು ಅವಳ ಕೈಗಿಟ್ಟು, ಚಹಾ ಕುಡಿದು, ಬಿಸ್ಕತ್ತು ತಿಂದು, ನಗುನಗುತ್ತ ಹೋದರು. ಗಡಿಯಾರವನ್ನು ಗೋಡೆಗೆ ಹಾಕೋಣವೆಂದು ಸೊಸೆ ಅದನ್ನು ತಿರುಗಿಸಿದಳು, ತಿರುಗಿಸಿದವಳು ಹಾಗೇ ನಿಂತುಬಿಟ್ಟಳು. ಹಿಂದುಗಡೆ ಕೊಕ್ಕೆಯ ಜಾಗದಲ್ಲಿ ದಪ್ಪ ಬಟ್ಟೆಯ ಕುಣಿಕೆಯೊಂದಿತ್ತು. ಅದಕ್ಕೆ ನೀಲಿ ದಾರದಲ್ಲಿ ಹಾಕಿದ್ದ ಹೊಲಿಗೆ ಅವಳದೇ. ಅತ್ತೆ ಕೆಲಸದಿಂದ ನಿವೃತ್ತರಾದ ದಿನ ಕೊಡಲೆಂದು ಅವಳು ಕೊಂಡು ತರುವಾಗ ದಾರಿಯಲ್ಲೇ ಕೊಕ್ಕೆ ಮುರಿದಿತ್ತು. ಮನೆಗೆ ಬಂದು ತಾನೇ ಕುಣಿಕೆ ಹೊಲಿದು ಸರಿಮಾಡಿದ್ದಳು.

ಅವಳದು ಹೊಲಿಗೆ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಪ್ಯಾಂಟಿನ ಕಾಲು ಮೋಟು ಮಾಡುವುದು, ಕಿತ್ತುಹೋದ ಜಿಪ್ ಬದಲಾಯಿಸುವುದು, ಮಗು ಹುಟ್ಟಿದ ಮೇಲೆ ಬಿಗಿಯಾದ ರವಿಕೆ, ಅಂಗಿ, ಕೋಟುಗಳ ಹೊಲಿಗೆ ಬಿಚ್ಚಿ ಸಡಿಲ ಮಾಡುವುದು, ಇಂಥವೇ. ಸಾವಿರ ಜನರ ಹೊಲಿಗೆಯ ನಡುವೆ ತನ್ನದನ್ನು ಕಣ್ಣುಮುಚ್ಚಿ ಮುಟ್ಟಿ ಹೇಳಬಲ್ಲಳು.

ರಾತ್ರಿ ಊಟಕ್ಕೆ ಕೂತಾಗ ಗಡಿಯಾರವನ್ನು ತಂದು ಅನ್ನದ ಪಾತ್ರೆಯ ಪಕ್ಕ ಇಟ್ಟಳು.

"ಅತ್ತೆ, ಇದು ನಾನು ನಿಮಗೆ ಕೊಟ್ಟಿದ್ದಲ್ವಾ?"

ಅತ್ತೆ ಬೇಳೆ ಬಡಿಸಿಕೊಳ್ಳುತ್ತ ಓರೆಗಣ್ಣಲ್ಲಿ ನೋಡಿದರು. "ಇರಬಹುದು. ಗಡಿಯಾರ ಅಂದ್ಮೇಲೆ ಒಂದರ ಥರ ಇನ್ನೊಂದು ಇರುತ್ತೆ."

"ಹೊಲಿಗೆನೂ ಒಂದರ ಥರ ಇನ್ನೊಂದು ಇರುತ್ತಾ?"

"ಹೂಂ, ಕೊಟ್ಟೆ. ಎದುರುಮನೆ ಟೀಚರಮ್ಮ ಹೊಸ ಮನೆಗೆ ಬಂದಾಗ ಕೊಟ್ಟೆ. ಅವರು ಯಾರಿಗೆ ಕೊಟ್ಟರೋ, ಯಾರು ಚಿಕ್ಕಮ್ಮಂಗೆ ಕೊಟ್ಟರೋ, ನಾನೇನು ಹಿಂದೆ ಹೋಗಿದ್ನಾ? ಮಾರ್ಕೊಂಡಿಲ್ವಲ್ಲ. ಕೊಟ್ಟಿದ್ದಕ್ಕೂ ಜಗಳಾನಾ ಈ ಮನೇಲಿ?"

ಅತ್ತೆಯ ಕೈಯೇ ಅಂಥದು. ಏನು ಬಂದರೂ ನಿಲ್ಲುವುದಿಲ್ಲ. ಯಾರು ಏನು ತಂದುಕೊಟ್ಟರೂ ಚಾಕುವಿನ ತುದಿಯಿಂದ ಅಂಟನ್ನು ಬಿಡಿಸಿ, ಕಾಗದ ಹರಿಯದಂತೆ ಒಳಗಿರುವುದನ್ನು ನೋಡಿ, ಅದೇ ಕಾಗದವನ್ನು ಅದೇ ಮಡಿಕೆಯಲ್ಲಿ ಸುತ್ತಿ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಸೇರಿಸುತ್ತಿದ್ದರು. ಬೀದಿಯಲ್ಲಿ ಯಾರಿಗೆ ಮಗು ಹುಟ್ಟಲಿ, ಯಾರ ಮನೆಯಲ್ಲಿ ಮದುವೆಯಾಗಲಿ, ಏಣಿ ಹಾಕುವುದೇ. ಹಾಗೆ ಹೋದವುಗಳಲ್ಲಿ ಸೊಸೆ ಕೊಟ್ಟ ಸ್ವೆಟರ್ ಇತ್ತು, ಫ್ಲಾಸ್ಕ್ ಇತ್ತು, ಮಂಡಿನೋವಿಗೆಂದು ತಂದ ಬಿಸಿನೀರಿನ ಚೀಲ ಇತ್ತು. ಮೆತ್ತನೆಯ ಚಪ್ಪಲಿಯಂತೂ ಒಂದು ಸಲವೂ ಅತ್ತೆಯ ಕಾಲಿಗೆ ಏರದೆ ಹಾಲಿನವಳ ಕಾಲಿಗೆ ಏರಿತ್ತು.

"ಜಗಳ ಅಲ್ಲ ಅತ್ತೆ," ಅಂದಳು ಸೊಸೆ. "ಮದುವೆಯಾಗಿ ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು. ನಾನು ಕೊಟ್ಟಿದ್ದು ಒಂದೇ ಒಂದು ನಿಮ್ಮ ಮೈಮೇಲೆ ಇದೆಯಾ, ಕೈಯಲ್ಲಿ ಇದೆಯಾ? ನಿಮ್ಮ ಮಗ ತಂದಿದ್ದೂ ಹೋಗುತ್ತೆ, ಸರಿ. ಅವರು ಮಗ, ಅವರಿಗೆ ನಡೆಯುತ್ತೆ. ನಾನು ಕೊಟ್ಟಾಗ ಮಾತ್ರ, ಇವಳ ಕೈಯದು ನಮಗ್ಯಾಕೆ ಅಂತ ನಿಮಗೆ ಅನ್ನಿಸುತ್ತೇನೋ ಅಂತ ನನಗಾಗುತ್ತೆ."

"ಹುಚ್ಚಿ," ಅಂದರು ಅತ್ತೆ. ಅಷ್ಟೇ ಅಂದು ತಟ್ಟೆ ಎತ್ತಿಕೊಂಡು ಎದ್ದರು.

ಗಂಡ ಕುತ್ತಿಗೆ ಬಗ್ಗಿಸಿ ಊಟ ಮಾಡುತ್ತಿದ್ದ. ಅವನು ಲಿಫ್ಟ್ ಮೆಕ್ಯಾನಿಕ್. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಸಲೀಸಾಗಿ ಹೊರಗೆ ತೆಗೆಯುತ್ತಿದ್ದ. ತಾಯಿ ಮತ್ತು ಹೆಂಡತಿಯ ನಡುವೆ ತಾನು ಸಿಕ್ಕಿಕೊಂಡಾಗ ಮಾತ್ರ ಏನೂ ತೋಚುತ್ತಿರಲಿಲ್ಲ.

ದಾರಿ ತೋರಿಸಿದವಳು ಗಿಣಿ. ಮಾರನೆಯ ಬೆಳಿಗ್ಗೆ ಅಜ್ಜಿ ಹಾಲು ತರಲು ಹೋದಾಗ ಅಪ್ಪ ಅಮ್ಮನನ್ನು ಅಡುಗೆಮನೆಯಲ್ಲಿ ಹಿಡಿದಳು.

"ಮುಂದಿನ ತಿಂಗಳು ಅಜ್ಜಿಗೆ ಅರವತ್ತಾರು ತುಂಬುತ್ತೆ. ವಸ್ತು ಕೊಟ್ಟರೆ ತಾನೇ ಅಟ್ಟಕ್ಕೆ ಹೋಗೋದು? ಈ ಸಲ ವಸ್ತುವೇ ಬೇಡ. ಅಷ್ಟರೊಳಗೆ ಒಬ್ಬೊಬ್ಬರೂ ಒಂದೊಂದು ಅನುಭವ ಕೊಡೋಣ."

"ಅನುಭವ ಅಂದ್ರೆ ಏನೇ?" ಅಂದ ಅಪ್ಪ. "ಈ ಮನೇಲಿ ದಿನಾ ಬೇಕಾದಷ್ಟು ಆಗ್ತಾ ಇದೆಯಲ್ಲ."

"ಎಲ್ಲಿಗಾದ್ರೂ ಕರ್ಕೊಂಡು ಹೋಗೋದು, ಏನಾದ್ರೂ ತೋರಿಸೋದು, ಕಲಿಸೋದು. ಅದನ್ನ ಕಾಗದದಲ್ಲಿ ಸುತ್ತಿ ಹೇಗೆ ಕೊಡ್ತಾಳೆ ನೋಡೋಣ."

ಸೊಸೆಗೆ ಇದು ಹಿಡಿಸಿತು. ಆದರೆ ಮೂವರಿಗೂ ಅತ್ತೆಯ ಶಕ್ತಿ ಎಷ್ಟೆಂಬುದು ಇನ್ನೂ ಗೊತ್ತಿರಲಿಲ್ಲ.

ಮೊದಲ ಸರದಿ ಗಿಣಿಯದು. ಊರಾಚೆಯ ಕೆರೆಯಲ್ಲಿ ದೋಣಿ ಸುತ್ತಾಟ, ದಡದಲ್ಲಿ ಊಟ, ಇಬ್ಬರಿಗೆ. ಟಿಕೆಟ್ಟು ತಂದು ಅಜ್ಜಿಯ ಕೈಗೆ ಕೊಟ್ಟಿದ್ದಳು. ಭಾನುವಾರ ಬೆಳಿಗ್ಗೆ ಅವಳು ತಲೆ ಬಾಚಿ, ಕಪ್ಪು ಕನ್ನಡಕ ಏರಿಸಿಕೊಂಡು ಬಂದು ನೋಡಿದರೆ ಅಜ್ಜಿ ಹಳೆಯ ಬಟ್ಟೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

"ಅಜ್ಜಿ, ಹೊರಡಲ್ವಾ?"

"ಅಯ್ಯೋ, ಹೇಳೋದೇ ಮರೆತೆ ಕಣೇ. ಟಿಕೆಟ್ಟನ್ನ ಮೂಲೆ ಚಪ್ಪಲಿ ರಿಪೇರಿಯವನಿಗೂ ಅವನ ಹೆಂಡತಿಗೂ ಕೊಟ್ಟೆ. ಮದುವೆಯಾದಾಗಿಂದ ಇಬ್ಬರೂ ಎಲ್ಲೂ ಹೋಗಿಲ್ಲವಂತೆ. ಬೆಳಿಗ್ಗೆನೇ ಹೋದರು ಪಾಪ, ಎಷ್ಟು ಚೆಂದ ಕಾಣಿಸ್ತಿದ್ರು."

ಗಿಣಿ ಕಪ್ಪು ಕನ್ನಡಕದ ಹಿಂದೆ ಎಷ್ಟೋ ಹೊತ್ತು ಮಾತೇ ಆಡಲಿಲ್ಲ. ಅವಳ ಜನ್ಮದಲ್ಲಿ ಹಾಗಾದದ್ದು ಅದೇ ಮೊದಲು. ಸಂಜೆ ಚಪ್ಪಲಿಯವನ ಹೆಂಡತಿ ಬಿಸಿಲಿಗೆ ಕೆಂಪಾದ ಮೂಗು ಹೊತ್ತು ಬಂದು, ದೋಣಿ ಹೇಗೆ ಓಲಾಡಿತು, ಗಂಡ ಹೇಗೆ ತನ್ನ ಕೈ ಹಿಡಿದು ಕೂಗಿಕೊಂಡ ಎಂದು ಅಭಿನಯಿಸಿ ತೋರಿಸಿದಳು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾವೇ ಹೋಗಿದ್ದರೂ ಅಷ್ಟು ನಗುತ್ತಿದ್ದರೋ ಇಲ್ಲವೋ.

"ನಿಂದು ಟಿಕೆಟ್ಟು, ಅದಕ್ಕೇ ಕೈ ಬದಲಾಯ್ತು," ಅಂದ ಗಂಡ ಮಗಳಿಗೆ, ಮೀಸೆ ತಿರುವುತ್ತ. "ನಂದು ನೋಡು. ಕಾಗದವೂ ಇಲ್ಲ, ಟಿಕೆಟ್ಟೂ ಇಲ್ಲ."

ಅವನು ನೋಡಿಕೊಳ್ಳುವ ಲಿಫ್ಟುಗಳಲ್ಲಿ ಊರಿನ ಅತಿ ಎತ್ತರದ ಕಟ್ಟಡದ್ದೂ ಒಂದು. ಮಗನ ಕೆಲಸ ಎಂಥದೆಂದು ತಾಯಿ ಒಮ್ಮೆಯೂ ನೋಡಿರಲಿಲ್ಲ. ರಜೆಯ ದಿನ ವಾಚ್‌ಮನ್‌ಗೆ ಹೇಳಿ ಅಮ್ಮನನ್ನು ಕರೆದೊಯ್ದ. ಲಿಫ್ಟ್ ಏರುವಾಗ ಅವರು ಮಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಇದರ ಹಗ್ಗ ನೀನೇ ನೋಡಿದ್ದೀಯ ತಾನೇ?" ಎಂದು ಮಹಡಿಗೊಂದು ಸಲ ಕೇಳಿದರಂತೆ. ಮೇಲೆ ಹೋಗಿ ತಾರಸಿಯಿಂದ ಕೆಳಗೆ ನೋಡಿ, ತಮ್ಮ ಬೀದಿಯನ್ನು ಗುರುತು ಹಿಡಿದು, ತಾವೇ ಒಣಹಾಕಿ ಬಂದಿದ್ದ ಹಸಿರು ಚಾದರವನ್ನು ಕಂಡು ಕುಣಿದಾಡಿದರಂತೆ. ಮನೆಗೆ ಬಂದಾಗ ಅವರ ಮುಖ ಇಷ್ಟಗಲ ಆಗಿತ್ತು.

"ಕೊಡು ಈಗ, ಯಾರಿಗೆ ಕೊಡ್ತೀಯೋ," ಅಂದ ಗಂಡ ಹೆಮ್ಮೆಯಿಂದ.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಹಾಲಿನವಳು, ಚಪ್ಪಲಿಯವನು, ಟೀಚರಮ್ಮ ಮತ್ತು ಅವರ ಗಂಡ ಒಳ್ಳೆಯ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿದ್ದರು.

"ನಿಮ್ಮ ತಾಯಿ ಹೇಳಿದ್ರು," ಅಂದರು ಟೀಚರಮ್ಮ ನಾಚಿಕೊಂಡು. "ನೀವು ಎಲ್ಲರನ್ನೂ ಮೇಲೆ ಕರ್ಕೊಂಡು ಹೋಗ್ತೀರಂತೆ."

ಆ ವಾರವೆಲ್ಲ ಗಂಡ ಬೀದಿಯ ಜನರನ್ನು ಕಂತುಕಂತಾಗಿ ಆಕಾಶ ತೋರಿಸಿ ಇಳಿಸಿದ. ಸೂಪರ್‌ವೈಸರ್ ಕೈಯಲ್ಲಿ ಬೈಸಿಕೊಂಡ. "ನಿಮ್ಮಮ್ಮನ ಕಡೆಯವರು ಇನ್ನೂ ಎಷ್ಟು ಜನ ಇದ್ದಾರೆ?" ಎಂದು ವಾಚ್‌ಮನ್ ಕೇಳಿದನಂತೆ. ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿಕೊಂಡು ನಾಲ್ವರೂ ಅನ್ನ ನೆತ್ತಿಗೇರುವಷ್ಟು ನಕ್ಕರು. ಸೊಸೆಯೂ ನಕ್ಕಳು. ಆಮೇಲೆ ಪಾತ್ರೆ ತೊಳೆಯುತ್ತ ಅವಳಿಗೆ ಅನ್ನಿಸಿತು: ಕೊನೆಗೂ ಮಗನ ಜೊತೆ ಹೋಗಿ ಬಂದರಲ್ಲ. ಇನ್ನು ತನ್ನದೊಂದು ಉಳಿಯಿತು. ಅದೂ ಬೀದಿಪಾಲಾದರೆ ಇನ್ನು ಜನ್ಮದಲ್ಲಿ ಏನನ್ನೂ ಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದಳು.

ಏನು ಕೊಡುವುದೆಂದು ಬಹಳ ದಿನ ಹೊಳೆಯಲಿಲ್ಲ. ಹೊಳೆದದ್ದು ಒಂದು ಮಧ್ಯಾಹ್ನ, ಈಜು ಕಲಿಸುವವಳು ಅಂಗಡಿಗೆ ಬಂದಾಗ. ಅವಳು ಹತ್ತಿರದ ಈಜುಕೊಳದಲ್ಲಿ ಹೆಂಗಸರಿಗೆ ಬೆಳಗಿನ ಹೊತ್ತು ಕಲಿಸುತ್ತಿದ್ದಳು. ಈಜುಡುಗೆಗಳ ಸಡಿಲವಾದ ಎಲಾಸ್ಟಿಕ್ ಬದಲಾಯಿಸಲು ತಂದಿದ್ದಳು. ಅತ್ತೆ ಗುಂಡಿ ಡಬ್ಬಿ ಮುಂದಿಟ್ಟುಕೊಂಡು ಬಣ್ಣ ಬಣ್ಣದ್ದನ್ನು ಬೇರೆ ಮಾಡುತ್ತಿದ್ದರು. ಒಂದು ಈಜುಡುಗೆಯನ್ನು ಎತ್ತಿ ಎಳೆದು ನೋಡಿದರು.

"ಇದನ್ನ ಹಾಕ್ಕೊಂಡು ನನ್ನ ವಯಸ್ಸಿನವರೂ ಇಳಿತಾರೇನಮ್ಮ?"

"ನಿಮಗಿಂತ ದೊಡ್ಡವರೂ ಬರ್ತಾರೆ ಅಜ್ಜಿ."

"ಹೌದಾ," ಅಂದರು ಅತ್ತೆ. ಅವರು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಒಗೆಯುವ ಕೆಲಸದಲ್ಲಿದ್ದವರು. "ಮೂವತ್ತು ವರ್ಷ ಮೊಣಕೈ ತನಕ ನೀರಲ್ಲೇ ಇದ್ದೆ. ನೀರು ಅದಕ್ಕಿಂತ ಮೇಲಕ್ಕೆ ಯಾವತ್ತೂ ಬರಲಿಲ್ಲ." ಈಜುಡುಗೆಯನ್ನು ನೀಟಾಗಿ ಮಡಿಸಿಟ್ಟು, ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದರು.

ಸೊಸೆಯ ಕತ್ತರಿ ಬಟ್ಟೆಯ ಮಧ್ಯದಲ್ಲೇ ನಿಂತಿತು.

ಅವಳು ಬುದ್ಧಿವಂತಿಕೆಯಿಂದ ಕೆಲಸ ಮಾಡಿದಳು. ಅತ್ತೆಯ ಹೆಸರಲ್ಲಿ ಈಜುಕೊಳದ ಪಾಸು ಮಾಡಿಸಿ, ಅದಕ್ಕೆ ಅವರ ಫೋಟೋ ಅಂಟಿಸಿ, ಮೇಲೆ ಸೀಲನ್ನೂ ಹೊಡೆಸಿದಳು. ಹುಟ್ಟುಹಬ್ಬದ ದಿನ ಅದನ್ನು ಅತ್ತೆಯ ಕೈಗೆ ಕೊಟ್ಟು, ಟೇಪು ಹಿಡಿದು ನಿಂತಳು.

"ಅಳತೆ ಕೊಡಿ ಅತ್ತೆ. ಈಜುಡುಗೆ ಹೊಲಿಬೇಕು."

"ನನಗ್ಯಾಕೆ ಹೊಸದು? ಯಾರದ್ದಾದ್ರೂ ಹಳೇದಿದ್ರೆ ನೋಡು."

"ಈಜುಡುಗೆ ಯಾರಾದ್ರೂ ಇನ್ನೊಬ್ಬರದ್ದು ಹಾಕ್ಕೊಳ್ತಾರಾ? ಕೈ ಎತ್ತಿ."

ಊರಿನವರ ಮೈಯನ್ನೆಲ್ಲ ಅಳೆದ ಸೊಸೆ ಅತ್ತೆಯ ಅಳತೆ ತೆಗೆದದ್ದು ಅದೇ ಮೊದಲು. ಇಷ್ಟು ವರ್ಷ, ಬಟ್ಟೆ ದಂಡ ಬೇಡ, ಹಳೆಯದನ್ನೇ ನೋಡಿ ಹೊಲಿ ಎಂದು ಅವರು ತಪ್ಪಿಸಿಕೊಂಡಿದ್ದರು. ಟೇಪು ಭುಜದ ಮೇಲೆ ಬಂದಾಗ ಅವಳು ಎರಡು ಸಲ ಇಟ್ಟು ನೋಡಿದಳು.

"ನಿಮ್ಮ ಎಡಗಡೆ ಭುಜ ಕೆಳಗಿದೆ ಅತ್ತೆ."

"ಒದ್ದೆ ಚಾದರ ಅದೇ ಹೆಗಲ ಮೇಲೆ ಹೊರ್ತಿದ್ದೆ. ಇರಲಿ ಬಿಡು, ನೀರಲ್ಲಿ ಯಾರು ನೋಡ್ತಾರೆ."

"ನಾನು ನೋಡ್ತೀನಿ," ಅಂದಳು ಸೊಸೆ. ಎಡಗಡೆಯ ಪಟ್ಟಿಯನ್ನು ಸ್ವಲ್ಪ ಚಿಕ್ಕದಾಗಿ ಕತ್ತರಿಸಿದಳು. ಇದು ಬೇರೆ ಯಾರ ಮೈಗೂ ಕೂರುವುದಿಲ್ಲ ಎಂದು ಒಳಗೊಳಗೇ ಖುಷಿಪಟ್ಟಳು.

ಮಂಗಳವಾರ ಮೊದಲ ಪಾಠ. ಸೊಸೆ ಅತ್ತೆಗೆ ಚೀಲ ತುಂಬಿ ಕೊಟ್ಟು, ಬೀದಿಯ ತಿರುವಿನವರೆಗೆ ಹೋಗುವುದನ್ನು ನೋಡಿ, ಬಂದು ಮಿಷಿನ್ ಮುಂದೆ ಕೂತಳು. ನಾಲ್ಕೈದು ಪ್ಯಾಂಟು ಮುಗಿಯುವಷ್ಟರಲ್ಲಿ ಟೀಚರಮ್ಮ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಆ ಪಾಸು, ಹೆಗಲಲ್ಲಿ ಆ ಚೀಲ.

"ಗೇಟಲ್ಲಿ ಬಿಡಲಿಲ್ಲಮ್ಮ," ಅಂದರು. "ಫೋಟೋ ನಿಮ್ಮದಲ್ಲ ಅಂದ್ರು. ಬೇಡ ಅಂತ ನಾನು ನಿಮ್ಮತ್ತೆಗೆ ಮೊದಲೇ ಹೇಳಿದ್ದೆ. ಹಾಕಿಕೊಂಡೂ ನೋಡಿದೆ, ಒಂದು ಕಡೆ ಎಳೆಯುತ್ತೆ."

ಅತ್ತೆ ಅವರ ಬೆನ್ನ ಹಿಂದೆ ಸೊಪ್ಪಿನ ಕಟ್ಟು ಹಿಡಿದುಕೊಂಡು ನಿಂತಿದ್ದರು. ಕೊಳದ ಕಡೆ ಹೋಗಬೇಕಾದವರು ಸಂತೆಗೆ ಹೋಗಿದ್ದರು.

ಟೀಚರಮ್ಮ ಚೀಲ ಇಟ್ಟು ಜಾಗ ಖಾಲಿ ಮಾಡಿದರು. ಸೊಸೆ ಮಿಷಿನ್ ನಿಲ್ಲಿಸಿ ಎದ್ದಳು.

"ಸರಿ ಅತ್ತೆ. ನಾನು ಸೋತೆ. ಫೋಟೋ ಅಂಟಿಸಿದ್ರೂ ಕೊಟ್ಟುಬಿಟ್ರಿ, ನಿಮ್ಮ ಮೈಗೇ ಹೊಲಿದ್ರೂ ಕೊಟ್ಟುಬಿಟ್ರಿ. ಬಾಯಿಬಿಟ್ಟು ಹೇಳಿಬಿಡಿ. ನನ್ನ ಕೈಯಿಂದ ಬಂದಿದ್ದು ನಿಮಗೆ ಮುಳ್ಳಾ?"

"ಕೂಗಬೇಡ, ಬೀದಿಗೆ ಕೇಳಿಸುತ್ತೆ."

"ಕೇಳಿಸಲಿ. ಬೀದಿಯವರ ಮನೇಲೆಲ್ಲ ನನ್ನ ಸಾಮಾನೇ ಇದೆ, ಮಾತು ಹೋದ್ರೆ ಏನಂತೆ."

ಕಾಲೇಜಿಗೆ ಹೊರಟಿದ್ದ ಗಿಣಿ ಒಳಬಾಗಿಲಲ್ಲೇ ನಿಂತಳು. ಅತ್ತೆ ಸೊಪ್ಪಿನ ಕಟ್ಟನ್ನು ಹೊಲಿಗೆ ಮೇಜಿನ ಮೇಲಿಟ್ಟು, ಗಿರಾಕಿಗಳ ಸ್ಟೂಲಿನ ಮೇಲೆ ಕೂತರು.

"ಎಲ್ಲಾ ನನಗೊಬ್ಬಳಿಗೇ ಕೊಡ್ತೀಯಲ್ಲೇ," ಅಂದರು. "ಸ್ವೆಟರ್ ಕೊಟ್ಟೆ, ನಾನೊಬ್ಬಳೇ ಹಾಕ್ಕೊಂಡು ಕೂರಬೇಕು. ಫ್ಲಾಸ್ಕ್ ಕೊಟ್ಟೆ, ನಾನೊಬ್ಬಳೇ ಕುಡೀಬೇಕು. ಕೊಟ್ಟು ನೀನು ಬಂದು ಈ ಮಿಷಿನ್ ಮುಂದೆ ಕೂತ್ಬಿಡ್ತೀಯ. ಇವತ್ತೂ ಅಷ್ಟೇ, ಚೀಲ ಕೊಟ್ಟು ಕಳಿಸಿದೆ. ಗೇಟಿನ ತನಕ ಹೋದೆ ಕಣೇ. ಒಳಗೆ ಎಲ್ಲರೂ ಇಬ್ಬಿಬ್ಬರು, ಮೂರ್ಮೂರು ಜನ ಮಾತಾಡ್ತಾ ನಿಂತಿದ್ರು. ನನಗೆ ಹೆದರಿಕೆ ಆಯ್ತು. ಲಿಫ್ಟಲ್ಲೂ ಹೆದರಿಕೆ ಆಗಿತ್ತು, ಆದರೆ ಅವನು ಜೊತೆಗಿದ್ದ."

ಸೊಸೆಗೆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕೊಡುವುದೆಂದರೆ ತಂದು ಕೈಗಿಡುವುದು, ಅಲ್ಲಿಗೆ ತನ್ನ ಕೆಲಸ ಮುಗಿಯಿತು ಎಂದೇ ಅವಳು ತಿಳಿದಿದ್ದಳು.

"ನೀನೂ ಬಾ ಅಂತ ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ನಿನಗೆ ನೀರು ಅಂದ್ರೆ ಪ್ರಾಣಭಯ. ಬಕೀಟಲ್ಲಿ ಜಾಸ್ತಿ ನೀರಿದ್ರೂ ದೂರ ನಿಲ್ತೀಯ. ನನಗೆ ಗೊತ್ತಿಲ್ವಾ? ಅದಕ್ಕೇ ಕೇಳಲಿಲ್ಲ."

"ಅಮ್ಮ," ಅಂದಳು ಗಿಣಿ ಬಾಗಿಲಿಂದ, "ನಿನಗೂ ಒಂದು ಹೊಲ್ಕೋ."

ಸೊಸೆ ಮಗಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಟೇಪು ತೆಗೆದು ಅತ್ತೆಯ ಕೈಗೆ ಕೊಟ್ಟಳು. "ಅಳೀರಿ ನೀವೇ. ಬೆನ್ನಿನದು ನನಗೆ ಎಟುಕಲ್ಲ."

ಅಂದಿನಿಂದ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅಂಗಡಿ ಬಂದ್. ಗಿರಾಕಿಗಳು ಗೊಣಗಿದರು, ಆಮೇಲೆ ಒಗ್ಗಿಕೊಂಡರು. ಆ ಎರಡು ದಿನದ ತಿಂಡಿ ಗಂಡನ ಪಾಲಿಗೆ ಬಂತು. ಮೊದಲ ವಾರ ಮೊಟ್ಟೆ ಸೀದುಹೋಯಿತು, ಎರಡನೆಯ ವಾರ ಬಾಣಲೆಯೇ ಸೀದುಹೋಯಿತು, ಮೂರನೆಯ ವಾರ ಗಿಣಿ ಏನೂ ಮಾತಾಡದೆ ತಿಂದಳು. ಅಷ್ಟು ಸಾಕೆಂದು ಅವನು ತೃಪ್ತನಾದ.

ಕೊಳದಲ್ಲಿ ಅತ್ತೆ ಮೊದಲ ದಿನವೇ ಮೆಟ್ಟಿಲಿಳಿದು ಕುತ್ತಿಗೆಯವರೆಗೆ ಹೋಗಿ ನಿಂತರು. "ಅಯ್ಯೋ, ಎಷ್ಟು ಹಗುರ ಕಣೇ," ಎಂದು ಕೈಕಾಲು ಆಡಿಸುತ್ತ ಅಪರಿಚಿತರಿಗೆಲ್ಲ ಹೇಳಿದರು. ಸೊಸೆ ಎರಡನೆಯ ಮೆಟ್ಟಿಲಲ್ಲಿ ಕಂಬಿ ಹಿಡಿದು ಕಣ್ಣುಮುಚ್ಚಿ ನಿಂತವಳು ಪಾಠ ಮುಗಿಯುವ ತನಕ ಕದಲಲಿಲ್ಲ. "ಇವಳು ನನ್ನ ಸೊಸೆ," ಎಂದು ಅತ್ತೆ ಸುತ್ತಲಿನವರಿಗೆ ಪರಿಚಯಿಸಿದರು. "ಸ್ವಲ್ಪ ಹೆದರ್ತಾಳೆ. ಆದರೂ ನನಗೋಸ್ಕರ ಬಂದಿದ್ದಾಳೆ." ಅದನ್ನು ಕೇಳಿದ ಮೇಲೆ ಸೊಸೆ ಇನ್ನೊಂದು ಮೆಟ್ಟಿಲು ಇಳಿಯದೆ ವಿಧಿಯಿರಲಿಲ್ಲ. ಹೀಗೆ ಇಳಿದು ಇಳಿದು, ಕೆಲವು ವಾರಗಳಲ್ಲಿ ಸೊಂಟದವರೆಗಿನ ನೀರಿನಲ್ಲಿ ಕಂಬಿ ಬಿಟ್ಟು ನಿಲ್ಲುವಷ್ಟಾದಳು. ಟೀಚರಮ್ಮನೂ ತಮ್ಮದೇ ಫೋಟೋ ಇರುವ ಪಾಸು ಮಾಡಿಸಿಕೊಂಡು ಬಂದು ಸೇರಿದರು.

ಒಂದು ಶುಕ್ರವಾರ ಈಜು ಕಲಿಸುವವಳು ತೇಲುವುದನ್ನು ಹೇಳಿಕೊಟ್ಟಳು. ಒಬ್ಬರು ಬೆನ್ನ ಮೇಲೆ ಮಲಗಬೇಕು, ಇನ್ನೊಬ್ಬರು ನೀರಿನೊಳಗೆ ಎರಡೂ ಅಂಗೈ ಇಟ್ಟು ಬೆನ್ನಿಗೆ ಆಸರೆ ಕೊಡಬೇಕು. ಅಂದು ಬಂದಿದ್ದವರಲ್ಲಿ ಬೇರೆಯವರೆಲ್ಲ ಜೋಡಿಯಾಗಿ ಟೀಚರಮ್ಮ ಒಬ್ಬರೇ ಉಳಿದರು. ಸರದಿ ಕಾಯುತ್ತ ಪಕ್ಕದಲ್ಲಿ ನಿಂತರು.

ಅತ್ತೆ ಮಲಗಿದರು. ಮಲಗಿದರು ಅಂದರೆ ಇಸ್ತ್ರಿ ಹಲಗೆಯಂತೆ ಸೆಟೆದರು. ತಲೆ ಎತ್ತಿ, ಹೊಟ್ಟೆ ಬಿಗಿ ಹಿಡಿದು, ಒಂದು ಕಾಲಿನಲ್ಲಿ ನೆಲ ಹುಡುಕುತ್ತಿದ್ದರು.

"ಭಾರ ಪೂರ್ತಿ ಬಿಡಿ ಅಜ್ಜಿ, ಅವರ ಕೈ ಮೇಲೆ ಬಿಡಿ," ಅಂದಳು ಕಲಿಸುವವಳು.

"ಪಾಪ, ಅವಳಿಗೆ ಭಾರ ಆಗುತ್ತಮ್ಮ."

"ಆಗಲಿ ಅತ್ತೆ," ಅಂದಳು ಸೊಸೆ.

"ದಿನವೆಲ್ಲ ಹೊಲೀಬೇಕು ನೀನು. ಕೈ ನೋಯುತ್ತೆ."

"ನೋಯಲಿ. ಕೊಡಿ."

ಅತ್ತೆ ತಲೆ ತಿರುಗಿಸಿ ಒಮ್ಮೆ ಸೊಸೆಯ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಮೊದಲು ಕತ್ತು ಸಡಿಲವಾಯಿತು, ಆಮೇಲೆ ಎಡಭುಜ, ಆಮೇಲೆ ಸೊಂಟ. ನೆಲ ಹುಡುಕುತ್ತಿದ್ದ ಕಾಲು ಮೆಲ್ಲನೆ ಮೇಲೆ ಬಂತು. ಅತ್ತೆಯ ಪೂರ್ತಿ ಭಾರ ಸೊಸೆಯ ಎರಡು ಅಂಗೈಗಳಿಗೆ ಇಳಿಯಿತು. ನೀರಿನಲ್ಲಿ ಅದು ಬಹಳ ಇರಲಿಲ್ಲ. ಅವಳಿಗೆ ಮಾತ್ರ ಎದೆ ತುಂಬಿ ಬಂತು, ಅಳು ಮತ್ತು ನಗು ಎರಡೂ ಒಟ್ಟಿಗೆ ಬಂದವು. ತಾನು ನೀರಿನಲ್ಲಿ ನಿಂತಿದ್ದೇನೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

ಎಷ್ಟೋ ಹೊತ್ತು ಹಾಗೇ ಇದ್ದರು. ಕಲಿಸುವವಳು ಹತ್ತಿರ ಬಂದಳು.

"ಸಾಕು ಅಜ್ಜಿ, ಎದ್ದೇಳಿ. ಈಗ ಟೀಚರಮ್ಮ ಮಲಗಲಿ. ನಿಮ್ಮ ಸೊಸೇನ ಅವರಿಗೆ ಸ್ವಲ್ಪ ಹೊತ್ತು ಬಿಟ್ಟುಕೊಡಿ."

ಟೀಚರಮ್ಮ ಒಂದು ಹೆಜ್ಜೆ ಮುಂದೆ ಬಂದರು. ಅತ್ತೆಯ ಹತ್ತಿರ ಏನು ಕೇಳಿದರೂ ಸಿಗುತ್ತದೆಂದು ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತಲ್ಲ.

"ಕೊಡಲ್ಲ," ಅಂದರು ಅತ್ತೆ, ಕಣ್ಣು ತೆರೆಯದೆ.

ಸೊಸೆಗೆ ನಗು ತಡೆಯಲಾಗಲಿಲ್ಲ. ಅವಳ ಕೈ ಕುಲುಕಿತು, ನೀರು ಕುಲುಕಿತು, ಅತ್ತೆಯ ಮೂಗಿನವರೆಗೂ ಬಂತು.

"ನಗಬೇಡ್ವೇ, ಮುಳುಗಿ ಹೋಗ್ತೀನಿ."

"ಎಲ್ಲಿಗೂ ಹೋಗಲ್ಲ ಅತ್ತೆ," ಅಂದಳು ಸೊಸೆ. "ಹಿಡ್ಕೊಂಡಿದ್ದೀನಿ."